ಹುತ್ತಕ್ಕೆ ಹೋದ ಮೀನು

ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಯಾವ ಹೊಳೆ, ಯಾವ ಊರು ಎಂದು ಕೇಳಬೇಡಿ. ಹೊಳೆ ಎಲ್ಲಿ ಹರಿದರೂ ಈ ಕಥೆ ನಡೆಯುತ್ತದೆ.

ಅಲ್ಲಿನ ಗುರುಗಳು ತಾರಕಾನಂದರು. ಅವರದು ಮಾತು ಕಡಿಮೆ. ಶಿಷ್ಯ ಕೇದಾರನದು ಎಷ್ಟು ಎಂಬುದನ್ನು ಮುಂದೆ ನೀವೇ ನೋಡುತ್ತೀರಿ.

ಕೇದಾರ ತರ್ಕ ಓದಿದವನು. ಏನು ತೋರಿಸಿದರೂ ತಟ್ಟನೆ ಅದರ ಲಕ್ಷಣ ಹೇಳುತ್ತಿದ್ದ. ಹಸು ಯಾವುದು? ಕೊರಳಲ್ಲಿ ಗಂಗೆದೊಗಲು ಜೋತಾಡುವುದು. ಹಕ್ಕಿ ಯಾವುದು? ಮೈಮೇಲೆ ಗರಿ ಇರುವುದು. ಲೋಕದಲ್ಲಿರುವ ಪ್ರತಿಯೊಂದೂ ಯಾವುದಾದರೂ ಒಂದು ಗುಂಪಿನಲ್ಲಿ ಕೂರಲೇಬೇಕು ಎಂಬುದು ಅವನ ಹಟ. ಕೂರದೇ ಹೋದರೆ ಅವನಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ.

ಬಾಗಿಲಿಗೆ ಬಂದವರನ್ನು ವಿಚಾರಿಸಿ ಒಳಗೆ ಕರೆಯುವ ಕೆಲಸವನ್ನು ಗುರುಗಳು ಅವನಿಗೇ ಒಪ್ಪಿಸಿದ್ದರು. ಅಲ್ಲಿಯೂ ಅವನು ಒಂದು ವ್ಯವಸ್ಥೆ ಮಾಡಿದ. ಹರಕೆ ಹೊತ್ತು ಬಂದ ಭಕ್ತರಿಗೆ ಅಂಗಳದ ಕೊಡದ ನೀರು. ಕಲಿಯಲು ಬಂದವರಿಗೆ ಜಗಲಿಯ ಕೊಡದ ನೀರು. ಎಲ್ಲ ಬಿಟ್ಟು ಬಂದ ಸಂನ್ಯಾಸಿಗಳಿಗೆ ಒಳಮನೆಯ ಕೊಡದ ನೀರು. ಊಟದ ಪಂಕ್ತಿ, ಮಲಗುವ ಚಾಪೆ ಎಲ್ಲಕ್ಕೂ ಇದೇ ಲೆಕ್ಕ. ಬಂದವರು ಯಾರು ಎಂದು ಮೊದಲು ತೀರ್ಮಾನವಾಗಬೇಕು, ಉಳಿದದ್ದು ಆಮೇಲೆ.

ಗುರುಗಳು ಸಾಲಾಗಿ ಇಟ್ಟ ಆ ಕೊಡಗಳನ್ನು ನೋಡಿದರು.

"ಕೊಡ ಚೆನ್ನಾಗಿ ಬೆಳಗಿದ್ದೀಯ" ಎಂದರು.

ಕೇದಾರ ಅದನ್ನು ಹೊಗಳಿಕೆ ಎಂದೇ ತಿಳಿದ, ಪಾಪ.

ಒಂದು ಬೇಸಿಗೆಯ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಬಂದು ನಿಂತ. ವಯಸ್ಸು ಐವತ್ತರ ಮೇಲೆ. ಹೆಗಲಲ್ಲಿ ಗಂಟು, ತಲೆಯ ಮೇಲೆ ಟವೆಲ್, ಮೊಣಕಾಲಿನವರೆಗೂ ಧೂಳು. ಹೆಸರು ಉಗ್ರಪ್ಪ. ಹೆಸರು ಹಾಗಿದ್ದರೂ ನಾಟಕದ ಕಂಪನಿಯಲ್ಲಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವನು.

"ಹರಕೆ ಇತ್ತಾ?" ಕೇದಾರ ಕೇಳಿದ.

"ಹರಕೆ ಹೊರೋ ಅಷ್ಟು ನಂಬಿಕೆ ಇಲ್ಲ ಸ್ವಾಮಿ."

"ಹಾಗಾದರೆ ಕಲಿಯೋಕೆ ಬಂದಿದ್ದೀರಿ."

"ನನ್ನ ಪಾತ್ರದ ಮಾತೇ ಮರೆತು ಹೋಗ್ತಿದೆ. ಇನ್ನು ಹೊಸದಾಗಿ ಏನು ಕಲೀಲಿ?"

"ಎಲ್ಲ ಬಿಟ್ಟು ಬಂದಿರಾ?"

ಉಗ್ರಪ್ಪ ಹೆಗಲ ಗಂಟನ್ನು ನೆಲಕ್ಕಿಳಿಸಿದ. "ನಾನು ಯಾವುದನ್ನೂ ಬಿಡಲಿಲ್ಲ. ಅವೇ ನನ್ನ ಬಿಟ್ಟವು. ಹೆಂಡತಿ ತೀರಿಕೊಂಡಳು. ಅವಳು ಹೋದ ಮೇಲೆ ಯಾರನ್ನೂ ನಗಿಸೋಕೆ ಆಗಲಿಲ್ಲ, ಕಂಪನಿಯವರು ಮನೆಗೆ ಹೋಗು ಅಂದರು. ಮನೆ ಅಂತ ಎಲ್ಲಿದೆ ಹೇಳಿ?"

"ಮತ್ತೆ ಇಲ್ಲಿಗೆ ಯಾಕೆ ಬಂದಿರಿ?"

"ಗುರುಗಳ ಹತ್ತಿರ ನಾಲ್ಕು ದಿನ ಸುಮ್ಮನೆ ಕೂತಿರೋಣ ಅಂತ. ಇಲ್ಲೂ ಆಗಲ್ಲ ಅಂದರೆ ನನಗೆ ಬೇರೆ ಕಡೆ ಗೊತ್ತಿಲ್ಲ."

ಕೇದಾರನಿಗೆ ತಲೆ ಕೆಟ್ಟಿತು. ಸುಮ್ಮನೆ ಕೂತಿರುವುದು ಯಾವುದರಲ್ಲಿ ಬರುತ್ತದೆ? ಭಕ್ತನಲ್ಲ, ವಿದ್ಯಾರ್ಥಿಯಲ್ಲ, ಸಂನ್ಯಾಸಿಯೂ ಅಲ್ಲ. ಹಿಂತಿರುಗಿ ಕೊಡಗಳ ಕಡೆ ಒಮ್ಮೆ ನೋಡಿದ.

"ನೋಡಿ, ಏನು ಅಂತ ಹೇಳಿ, ಆಮೇಲೆ ಒಳಗೆ ಬನ್ನಿ. ಸಂಜೆವರೆಗೂ ಯೋಚಿಸಿ. ಯಾವುದೂ ಅಲ್ಲ ಅಂದರೆ ಇಲ್ಲಿ ಇರೋಕೆ ಆಗಲ್ಲ."

ಉಗ್ರಪ್ಪ ಏನೋ ಕೇಳಲು ಬಾಯಿ ತೆರೆದ. ಕೇಳಲಿಲ್ಲ. ಒಣಗಿದ ತುಟಿ ಸವರಿಕೊಂಡು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತ.

ಅವತ್ತು ಮೀನು ಸಾಗಿಸುವ ದಿನ. ಆಶ್ರಮದ ಎದುರಿನ ಹೊಳೆಯಲ್ಲಿ ಯಾರೂ ಬಲೆ ಬೀಸುವುದಿಲ್ಲ, ಗಾಳ ಹಾಕುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಗುಂಡಿ ಬತ್ತುತ್ತದೆ. ಅಲ್ಲಿ ಸಿಕ್ಕಿಕೊಂಡ ಮೀನುಗಳನ್ನು ಕೊಡದಲ್ಲಿ ಹೊತ್ತು ಕೆಳಗಿನ ಮಡುವಿಗೆ ಬಿಡುವುದು ಆಶ್ರಮದ ಹಳೆಯ ಪದ್ಧತಿ. ಗುಂಡಿಯಲ್ಲಿ ಹಾವಿನ ಮರಿ ಸಿಕ್ಕರೆ ಅದನ್ನೂ ಹೊಡೆಯುವಂತಿಲ್ಲ. ಹೊಂಗೆ ಮರದ ಬುಡದ ಹುತ್ತದ ಬಳಿ ಬಿಟ್ಟು, ದೊನ್ನೆಯಲ್ಲಿ ಹಾಲಿಟ್ಟು ಬರಬೇಕು.

ಗುರುಗಳು ಮಡುವಿನ ದಾರಿ ಸವರಲು ನಸುಕಿನಲ್ಲೇ ಕೆಳಗಿಳಿದಿದ್ದರು. ಗುಂಡಿಯ ಕೆಲಸ ಕೇದಾರನದು.

ಅವನು ಕಚ್ಚೆ ಕಟ್ಟಿ ಇಳಿದ. ಬೆಳ್ಳಗೆ ಮಿಂಚುವ ಮೀನು, ಚಪ್ಪಟೆ ಮೀನು, ಮೀಸೆಯ ದಪ್ಪ ಮೀನು, ಎಲ್ಲವೂ ಕೊಡ ಸೇರಿದವು, ಮಡು ಸೇರಿದವು. ಹೊತ್ತು ನೆತ್ತಿಗೆ ಬಂದು ಆಚೆ ವಾಲಿತು. ಕೊನೆಗೆ ಗುಂಡಿಯಲ್ಲಿ ಕೊಳೆತ ಎಲೆ, ಒಂದಿಷ್ಟು ಕೆಸರು ಉಳಿಯಿತು.

ಎಲೆ ಸರಿಸಿದರೆ ಅಡಿಯಲ್ಲಿ ಏನೋ ಹರಿದಾಡಿತು.

ಕಿರುಬೆರಳಿನಷ್ಟು ಉದ್ದ. ದೀಪದ ಬತ್ತಿಯಷ್ಟು ಸಪುರ. ಮೈಮೇಲೆ ಕಂದು ಪಟ್ಟೆ. ಒಂದಲ್ಲ, ಐದಾರು ಇದ್ದವು, ಒಂದಕ್ಕೊಂದು ಸುತ್ತಿಕೊಂಡು.

ಕೇದಾರ ನಿಂತಲ್ಲೇ ಲಕ್ಷಣ ಹಾಕಿದ. ಮೀನಿಗೆ ಹುರುಪೆ ಇರುತ್ತದೆ. ಇವುಗಳ ಮೈ ನುಣುಪು. ಮೀನಿಗೆ ಅಗಲವಾದ ರೆಕ್ಕೆ ಇರುತ್ತದೆ, ಇವಕ್ಕೆ ಕಾಣುವುದಿಲ್ಲ. ಅಷ್ಟರಲ್ಲಿ ಒಂದು ಕೆಸರಿನಿಂದ ಮೂತಿ ಎತ್ತಿ ಗಾಳಿ ನುಂಗಿ ಮತ್ತೆ ಮುಳುಗಿತು. ಮುಗಿಯಿತಲ್ಲ, ಮೀನು ಗಾಳಿ ಕುಡಿಯುವುದುಂಟೇ? ಹಾವಿನ ಮರಿಗಳು, ಸಂಶಯವೇ ಇಲ್ಲ.

ಒಮ್ಮೆ ಬಗ್ಗಿ ನೋಡಬಹುದಿತ್ತು. ತೀರ್ಮಾನ ಸಿಕ್ಕ ಮೇಲೆ ಬಗ್ಗುವವರು ಯಾರು?

ಅವುಗಳನ್ನು ಸಾಗುವಾನಿ ಎಲೆಯ ಮೇಲೆ ಭಯಭಕ್ತಿಯಿಂದ ಎತ್ತಿಕೊಂಡ. ಹುತ್ತದ ಬುಡದಲ್ಲಿ ಇಳಿಸಿದ. ದೊನ್ನೆಯಲ್ಲಿ ಹಾಲಿಟ್ಟು ಕೈಮುಗಿದ.

"ನಾಗಪ್ಪಾ, ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಪ್ಪ."

ಮೀನಿಗೆ ಹಾಲೆರೆದು ನಮಸ್ಕಾರ ಮಾಡಿದ ಪುಣ್ಯಾತ್ಮ ಇವನೊಬ್ಬನೇ ಇರಬೇಕು.

ಗುಂಡಿಗೆ ಮರಳಿ, ಉಳಿದ ಕೆಸರನ್ನೆಲ್ಲ ತಡಕಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದಾಗ ಗುರುಗಳು ಕೆಳಗಿನಿಂದ ಹತ್ತಿ ಬಂದರು. ಕೈಯಲ್ಲಿ ತಾಮ್ರದ ಚೊಂಬು. ಬತ್ತಿದ ಗುಂಡಿ ನೋಡಿದರು. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ದೂರದ ಬಾಗಿಲ ಕಡೆ ನೋಡಿದರು. ಕಲ್ಲಿನ ಮೇಲೆ ಯಾರೋ ತಲೆ ತಗ್ಗಿಸಿ ಕೂತಿದ್ದು ಕಂಡಿತು.

"ಯಾರದು?"

"ಬೆಳಿಗ್ಗೆ ಬಂದರು ಗುರುಗಳೇ. ಇನ್ನೂ ಯಾವುದರಲ್ಲೂ ಸೇರ್ತಾ ಇಲ್ಲ. ಸಂಜೆ ನಿರ್ಧಾರ ಮಾಡ್ತೀನಿ."

"ಹೂಂ. ಇಲ್ಲಿ ಎಲ್ಲ ಸಾಗಿಸಿದೆಯಾ?"

"ಒಂದೂ ಬಿಟ್ಟಿಲ್ಲ. ಮೀನೆಲ್ಲ ಮಡುವಿಗೆ. ಕೊನೆಗೆ ಐದಾರು ಹಾವಿನ ಮರಿ ಸಿಕ್ಕವು, ಅವು ಹುತ್ತಕ್ಕೆ."

"ಕೆಸರಿನೊಳಗೆ ಹಾವಿನ ಮರಿಯಾ?"

"ಲಕ್ಷಣ ನೋಡಿಯೇ ಹೇಳಿದೆ ಗುರುಗಳೇ. ಹುರುಪೆ ಇಲ್ಲ, ರೆಕ್ಕೆ ಇಲ್ಲ, ಗಾಳಿ ಕುಡಿದವು."

"ಹುತ್ತದೊಳಗೆ ಹೋದವಾ?"

"ಹೋಗಿರಬೇಕು."

"ನೋಡಿ ಬಾ."

ಕೇದಾರ ಹೋದ. ಅವು ಹೋಗಿರಲಿಲ್ಲ.

ಬಿಟ್ಟ ಜಾಗದಲ್ಲೇ ಇದ್ದವು. ಕಾದ ಮಣ್ಣು ಮೈಗೆ ಮೆತ್ತಿತ್ತು. ಇರುವೆಗಳು ಆಗಲೇ ಬಂದಿದ್ದವು. ಈಗ ಅವನು ಮೊಣಕಾಲೂರಿ ಬಗ್ಗಿದ. ಬಾಯಿಯ ಸುತ್ತ ಕೂದಲೆಳೆಯಂಥ ಪುಟ್ಟ ಮೀಸೆ. ತಲೆಯ ಪಕ್ಕದಲ್ಲಿ ಕಿವಿರು. ಅದರ ಹಿಂದೆ ಅಕ್ಕಿ ನುಚ್ಚಿನಷ್ಟು ಚಿಕ್ಕ ರೆಕ್ಕೆ.

"ಅಯ್ಯಯ್ಯೋ, ಮೀನು!"

ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ನೋಡಿದ. ಅಲುಗಲಿಲ್ಲ. ಇಷ್ಟು ಹೊತ್ತು ಇವು ಇಲ್ಲಿ ನೀರಿಗಾಗಿ ಒದ್ದಾಡುತ್ತಿದ್ದಾಗ ತಾನು ಕೈಮುಗಿದು ಹೋಗಿದ್ದನಲ್ಲ ಎಂದು ನೆನೆದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ದೊನ್ನೆಯಲ್ಲಿ ಏನೋ ಅಲುಗಿತು.

ಒಂದು ಹೇಗೋ ತೆವಳಿ ಹಾಲಿನೊಳಗೆ ಬಿದ್ದಿತ್ತು. ಮೂತಿ ಮೇಲೆತ್ತಿ ಗಾಳಿ ನುಂಗುತ್ತಿತ್ತು. ಬದುಕಿತ್ತು!

ಕೇದಾರ ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಮಡುವಿನ ಕಡೆ ಓಡಿದ. ದೊನ್ನೆ ಹಳೆಯದು, ಕಡ್ಡಿ ಚುಚ್ಚಿದ ಕಡೆಯಲ್ಲಿ ಹಾಲು ತೊಟ್ಟಿಕ್ಕುತ್ತಿತ್ತು.

ಮಡುವಿಗೆ ಇಳಿಯುವ ದಾರಿಯಲ್ಲಿ ಗುರುಗಳು ಅಡ್ಡ ನಿಂತಿದ್ದರು.

"ಏನದು?"

"ಮೀನು ಗುರುಗಳೇ, ದಾರಿ ಬಿಡಿ!"

"ಹುರುಪೆ ಇದೆಯಾ?"

"ಕಾಣಲ್ಲ."

"ಗಾಳಿ ಕುಡಿಯುತ್ತೆ ಅಂದೆ."

"ಹೌದು, ಕುಡಿಯುತ್ತೆ, ಆದರೆ..."

"ಹಾಗಾದರೆ ಹಾವೇ ಇರಬೇಕು."

"ಹಾವಲ್ಲ ಗುರುಗಳೇ, ಕಿವಿರಿದೆ!"

"ನಿನ್ನ ಲಕ್ಷಣಕ್ಕೆ ಮೀನೂ ಅಲ್ಲ, ಹಾವೂ ಅಲ್ಲ. ಏನು ಅಂತ ಹೇಳು, ಆಮೇಲೆ ಒಳಗೆ ಬಿಡು."

ದೊನ್ನೆಯ ತಳ ಕಾಣುತ್ತಿತ್ತು. ಮೀನು ಒಂದು ಪಕ್ಕಕ್ಕೆ ವಾಲಿತು. ಕೇದಾರನಿಗೆ ಓದಿದ್ದು ಒಂದೂ ನೆನಪಾಗಲಿಲ್ಲ. ಇದ್ದಕ್ಕಿದ್ದಂತೆ ಅವನು ಗುರುಗಳನ್ನು ಹೆಗಲಿನಿಂದ ತಳ್ಳಿದ. ಹೌದು, ಗುರುಗಳನ್ನೇ. ತಳ್ಳಿ ನುಗ್ಗಿ, ಸೊಂಟದ ಮಟ್ಟ ನೀರಿಗಿಳಿದು ದೊನ್ನೆಯನ್ನು ಮುಳುಗಿಸಿದ.

ಹಾಲು ನೀರಿನಲ್ಲಿ ಬೆಳ್ಳಗೆ ಹರಡಿತು. ಮೀನು ತುಸು ಹೊತ್ತು ಬಿಟ್ಟಲ್ಲೇ ಇತ್ತು. ಆಮೇಲೆ ಒಮ್ಮೆ ಬಳುಕಿತು, ಮರಳಿಗೆ ಮೂತಿ ಚುಚ್ಚಿತು, ಒಳಗೆ ಹೊಕ್ಕು ಮರೆಯಾಯಿತು.

ಕೇದಾರ ನೀರಿನಲ್ಲೇ ನಿಂತು ಅತ್ತ. ಬದುಕಿದ ಒಂದಕ್ಕಾಗಿ ಅತ್ತನೋ, ಹುತ್ತದ ಬಳಿ ಉಳಿದವಕ್ಕಾಗಿ ಅತ್ತನೋ ಅವನಿಗೇ ತಿಳಿಯಲಿಲ್ಲ. ಗುರುಗಳು ದಂಡೆಯ ಮೇಲೆ ಕೂತರು. ಅವರ ಮಗ್ಗುಲಲ್ಲಿದ್ದ ಚೊಂಬಿನ ತುಂಬ ನೀರಿತ್ತು. ಅವರು ಅಡ್ಡ ನಿಂತಾಗಲೂ ಅದು ಅವರ ಕಾಲ ಬಳಿಯೇ ಇತ್ತು, ಮೀನನ್ನು ಅದಕ್ಕೇ ಬಿಡಬಹುದಿತ್ತು ಎಂದು ಕೇದಾರನಿಗೆ ಈಗ ಹೊಳೆಯಿತು.

ಅವನು ಮೇಲೆ ಬಂದು ಕಾಲಿಗೆ ಬಿದ್ದ.

"ತಮ್ಮನ್ನು ತಳ್ಳಿಬಿಟ್ಟೆ."

"ಒಳ್ಳೆ ಕೆಲಸ ಮಾಡಿದೆ. ನೀನು ನಿಂತು ಉತ್ತರ ಹೇಳ್ತೀಯೇನೋ ಅಂತ ನನಗೆ ಹೆದರಿಕೆಯಾಗಿತ್ತು."

ಕೇದಾರ ಕಣ್ಣೊರೆಸಿಕೊಂಡ. ಆದರೂ ಅಭ್ಯಾಸ ಬಿಡಬೇಕಲ್ಲ.

"ಗುರುಗಳೇ, ಅದು ಯಾವ ಗುಂಪಿಗೆ ಸೇರಿದ್ದು?"

"ಮೀನೇ. ಹಾವಿನಂತೆ ಕಾಣೋ ಮೀನುಗಳು ಬೇಕಾದಷ್ಟಿವೆ. ಕೆಲವಕ್ಕೆ ಬೆನ್ನ ಮೇಲೆ ಮುಳ್ಳು. ಕೆಲವು ಎರೆಹುಳದ ಹಾಗೆ. ಕೆಲವಕ್ಕೆ ಹೀಗೆ ಮೀಸೆ. ನೋಡೋಕೆ ಅಣ್ಣತಮ್ಮಂದಿರ ಹಾಗಿದ್ದರೂ ಒಂದಕ್ಕೊಂದು ಸಂಬಂಧ ಇರಲ್ಲ. ತಿಳಿದವರು ಇವತ್ತಿಗೂ ಈ ಗುಂಪಿಂದ ಆ ಗುಂಪಿಗೆ ಎತ್ತಿ ಇಡ್ತಾನೇ ಇದ್ದಾರೆ."

"ಇನ್ನೂ ಮುಗಿದಿಲ್ಲವಾ?"

"ಇಲ್ಲ. ಅವು ಪಾಪ, ಅಲ್ಲೀವರೆಗೂ ನೀರಲ್ಲೇ ಇರ್ತವೆ."

ಕೇದಾರ ತಲೆ ತಗ್ಗಿಸಿದ. "ನನ್ನ ಲಕ್ಷಣದಲ್ಲೇ ದೋಷ ಇತ್ತು. ಅದನ್ನು ತಿದ್ದಿಕೊಳ್ತೀನಿ. ಹುರುಪೆ ಬಿಟ್ಟು ಕಿವಿರನ್ನು ಸೇರಿಸಿದರೆ..."

ಗುರುಗಳು ಕೇಳುತ್ತಿರಲಿಲ್ಲ. ಮೇಲೆ ಆಶ್ರಮದ ಕಡೆ ನೋಡುತ್ತಿದ್ದರು.

ಬಿಸಿಲು ಇಳಿದಿತ್ತು. ಬಾಗಿಲಲ್ಲಿ ಉಗ್ರಪ್ಪ ಕಲ್ಲಿನಿಂದ ಎದ್ದಿದ್ದ. ಎದ್ದವನು ಒಮ್ಮೆ ಜೋಲಿ ಹೊಡೆದು ಗೋಡೆ ಹಿಡಿದುಕೊಂಡ. ಟವೆಲ್ ಕೊಡವಿದ, ಗಂಟು ಹೆಗಲಿಗೇರಿಸಿದ. ಯಾವ ಕಡೆ ಹೋಗಬೇಕೆಂದು ತಿಳಿಯದೆ ರಸ್ತೆಯ ಎರಡೂ ಕಡೆ ನೋಡುತ್ತ ನಿಂತ.

ಗುರುಗಳು ಚೊಂಬನ್ನು ಎತ್ತಿ ಶಿಷ್ಯನ ಕೈಗೆ ಕೊಟ್ಟರು.

"ಬೆಳಿಗ್ಗೆ ಬಂದರು ಅಂದೆಯಲ್ಲ ಕೇದಾರ, ಅವರಿಗೆ ನೀರು ಕೊಟ್ಟೆಯಾ?"