ದ್ವೀಪಕ್ಕೆ ಸಿಕ್ಕ ರಾಜಮುದ್ರೆ

"ದ್ವೀಪದ ಪ್ರಜೆಗಳೇ, ಕೇಳಿರಿ! ಅರಸರ ಮೂರು ಒಗಟು ಬಿಡಿಸಿದವರ ಕೈಗೆ ರಾಜಮುದ್ರೆ ಕೊಡಲಾಗುವುದು. ಅಂದಿನಿಂದ ದ್ವೀಪಕ್ಕೆ ದ್ವೀಪವೇ ಒಡೆಯ. ತಪ್ಪು ಹೇಳಿದವರ ತಲೆ ಹಾರಿಸಲಾಗುವುದು!"

ಡಂಗುರ ಕೇಳಿದ್ದೇ ತಡ, ಊರಿಗೆ ಊರೇ ಕಡಲತೀರಕ್ಕೆ ಓಡಿಬಂತು. ಇವರ ಹಿರಿಯರು ದೂರದ ತಾಯ್ನಾಡಿನಿಂದ ಹಡಗಿನಲ್ಲಿ ಬಂದು ಇಲ್ಲಿ ನೆಲೆಸಿ ನೂರು ವರ್ಷವಾಗಿತ್ತು. ಈಗ ಅರಸನೇ ಹಡಗೇರಿ ಬಂದಿದ್ದ.

ಗುಂಪಿನ ಹಿಂದೆ ಬೊಮ್ಮ ನಿಂತಿದ್ದ. ಗುಡ್ಡದ ಮೇಲೆ ಹಡಗುಗಳಿಗಾಗಿ ಬೆಂಕಿ ಉರಿಸುವುದು ಅವನ ಕೆಲಸ. ಬಿತ್ತಿದ್ದೆಲ್ಲ ಕೊಳೆತುಹೋದ ಒಂದು ವರ್ಷ ಅವನ ತಾಯಿ ಹಸಿವಿನಿಂದ ತೀರಿಕೊಂಡಳು. ಆಮೇಲೆ ಅವನಿಗೆ ಯಾರೂ ಇರಲಿಲ್ಲ. ಹಡಗುಗಳು ಬರುವ ಮೊದಲಿನಿಂದಲೂ ಇಲ್ಲಿದ್ದ ಜನರ ಕುಲದ ಮುದುಕಿ ತೂಮಿ ಮಾತ್ರ ಆಗಾಗ ಸುಟ್ಟ ಗೆಣಸು ತಂದುಕೊಟ್ಟು ಮಾತಾಡಿಸುತ್ತಿದ್ದಳು.

ಅರಸ ಕೇಳಿದ: "ಹೊರಟಾಗ ಸರಿ, ಬಂದು ಸೇರಿದಾಗ ತಪ್ಪು. ದಾರಿಯಲ್ಲಿ ಎಳ್ಳಷ್ಟೂ ಬದಲಾಗಿಲ್ಲ. ಏನದು?"

"ಹಾಲು!" ಎಂದ ಸಭಾಪತಿ ನಾಗರಸ.

"ಹಾಲು ಒಡೆದು ಬದಲಾಗುತ್ತದಯ್ಯಾ," ಎಂದ ಅರಸ. ನಾಗರಸನ ತಲೆ ಹೋಯಿತು. "ಬಾಣ" ಎಂದ ಸಾಹುಕಾರ ಪದ್ಮಣ್ಣನದೂ ಹೋಯಿತು. ಉಳಿದವರು ಹಿಂದೆ ಸರಿದರು.

ಬೊಮ್ಮ ಮುಂದೆ ಬಂದ. ತನ್ನ ತಲೆ ಹೋದರೆ ಅಳುವವರಾದರೂ ಯಾರು?

"ತಾಯ್ನಾಡಿನ ಪಂಚಾಂಗ, ದೊರೆ. ಅಲ್ಲಿ ಬೇಸಿಗೆ ಇದ್ದಾಗ ಇಲ್ಲಿ ಚಳಿ. ನಾವು ಅದನ್ನೇ ನೋಡಿಕೊಂಡು ಹಿಮದಲ್ಲಿ ಬಿತ್ತುತ್ತೇವೆ. ನಮ್ಮವ್ವ ಸತ್ತದ್ದು ಅದರಿಂದಲೇ."

ಊರವರು ತಲೆ ತಗ್ಗಿಸಿದರು. ಅರಸ ಎರಡನೆಯದನ್ನು ಕೇಳಿದ: "ನಿನ್ನ ತಾತನ ಕಾಲಕ್ಕೆ ಸಭೆ ಕೊಟ್ಟೆವು, ಅಪ್ಪನ ಕಾಲಕ್ಕೆ ಕಾನೂನು ಬರೆಯಲು ಬಿಟ್ಟೆವು, ನಿನ್ನ ಕಾಲಕ್ಕೆ ದಂಡನ್ನೂ ಒಪ್ಪಿಸಿದೆವು. ಒಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅದಿರುವವರೆಗೆ ಕೊಟ್ಟದ್ದೆಲ್ಲ ನಮ್ಮದೇ."

"ಬೇಡ ಅನ್ನುವ ಹಕ್ಕು, ದೊರೆ. ನಾವು ಏನೇ ಗೊತ್ತುಮಾಡಲಿ, ನೀವು ಬೇಡ ಅಂದರೆ ಮುಗೀತು."

ಅರಸ ನಕ್ಕ. "ಕೊನೆಯದು. ನಾವು ಕೊಡುತ್ತೇವೆ, ನೀವು ಪಡೆಯುತ್ತೀರಿ. ಅದು ಕೊಡುವವರದೂ ಅಲ್ಲ, ಪಡೆಯುವವರದೂ ಅಲ್ಲ."

ಬೊಮ್ಮನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತಲೆ ಉಳಿದೀತು, ಆದರೆ ಊರಲ್ಲಿ ತನ್ನವರು ಅನ್ನುವವರು ಇನ್ನೆಂದೂ ಸಿಗಲಾರರು ಎಂಬುದೂ ಗೊತ್ತಿತ್ತು.

"ಈ ನೆಲ, ದೊರೆ. ಇದು ತೂಮಿಯ ಜನರದು. ನೂರು ವರ್ಷ ನೀವೂ ನಾವೂ ಮಾತುಕತೆ ನಡೆಸಿದೆವು. ಅವರನ್ನು ಒಮ್ಮೆಯೂ ಕರೆಯಲಿಲ್ಲ."

"ನಿಜ," ಎಂದು ಅರಸ ಮುದ್ರೆಯನ್ನು ಅವನ ಕೈಗಿಟ್ಟು ಹಡಗು ಹತ್ತಿದ. ನಿಜವನ್ನು ಒಪ್ಪಿಕೊಂಡು ಹೊರಟುಹೋಗುವುದು ಅರಸರಿಗೆ ಬಲು ಸುಲಭ.

ಹಿರಿಯರು ಬೊಮ್ಮನಿಗೆ ರೇಷ್ಮೆ ಶಾಲು ಹೊದಿಸಿ ಮುದ್ರೆಯನ್ನು ಇಸಕೊಂಡರು. ಅವತ್ತೇ ಮೊದಲ ಕಾಗದಕ್ಕೆ ಅದನ್ನು ಒತ್ತಿದರು: ಸಭೆಯಲ್ಲಿ ಕೂರುವ ಹಕ್ಕು ಹಡಗಿನಲ್ಲಿ ಬಂದವರ ಮಕ್ಕಳಿಗೆ ಮಾತ್ರ. ಬೊಮ್ಮ ಬೇಡವೆಂದು ಕೂಗಾಡಿದ. ಯಾರೂ ಅವನತ್ತ ತಿರುಗಲಿಲ್ಲ.

ಸಂಜೆ ಗುಡ್ಡದ ಮೇಲೆ ತೂಮಿ ಕಾಯುತ್ತಿದ್ದಳು.

"ಕಡೇ ಒಗಟಿಗೆ ಏನಂದೆ ಮಗಾ?"

"ನೆಲ ನಿಮ್ಮದು ಅಂದೆ ಅವ್ವಾ. ಅರಸ ನಿಜ ಅಂದ."

ಮುದುಕಿಯ ಮುಖ ಅರಳಿತು. "ಹಂಗಾದ್ರೆ ನಾಳೆ ನಾನೂ ಸಭೆಗೆ ಬರಬೌದಾ?"

ಬೊಮ್ಮ ಶಾಲು ತೆಗೆದು ಅವಳಿಗೆ ಹೊದಿಸಿದ.