ಎಣ್ಣೆ ಬೇಡಿದ ಎಂಜಿನ್

ರೈಲ್ವೆ ಕಾರ್ಖಾನೆಯ ಬಾಗಿಲಲ್ಲಿ, ಕಟ್ಟೆಯ ಮೇಲೆ ನಿಲ್ಲಿಸಿದ್ದ ಹಳೆಯ ಉಗಿ ಎಂಜಿನ್ನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದರದೇ ಅಳತೆ ಹಿಡಿದು ಒಳಗೆ ಹೊಸದೊಂದು ಉಗಿ ಎಂಜಿನ್ ಕಟ್ಟಿದ್ದರು. ಪರಂಪರೆ ಉಳಿಸಬೇಕಂತೆ!

ಹೊಸ ಎಂಜಿನ್ ಮಿರಮಿರ ಮಿಂಚುತ್ತ ಹೊರಗೆ ಬಂತು. "ಅಜ್ಜಾ, ಆಶೀರ್ವಾದ ಮಾಡಿ. ನಿಮ್ಮ ವಂಶ ಉಳಿಸಲು ಹುಟ್ಟಿದವನು ನಾನು."

"ನಾನಿನ್ನೂ ಸತ್ತಿಲ್ಲವಲ್ಲೋ!" ಎಂದು ಹಳೆಯದು ಗುಡುಗಿತು. "ಕೀಲುಗಳಿಗೆ ಎಣ್ಣೆ ಬಿಡಿ ಅಂತ ನಲವತ್ತು ವರ್ಷ ಬಾಯಿ ಬಡಿದುಕೊಂಡೆ. ಪ್ರತಿ ಆಯುಧಪೂಜೆಗೂ ಬಂದು ಬಣ್ಣ ಬಳಿದು ಹೋದರು. ಎಣ್ಣೆ ಬಿಡುವ ತೂತಿಗೂ ಬಣ್ಣವೇ!"

"ನನ್ನನ್ನು ಹಾಗೆ ಬಿಡುವುದಿಲ್ಲ. ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ್ದಾರೆ."

"ನನ್ನನ್ನೇನು ಹತ್ತು ನಿಮಿಷದಲ್ಲಿ ಕಟ್ಟಿದ್ದರೇ?"

ಉದ್ಘಾಟನೆಯ ದಿನ ಹೊಸ ಎಂಜಿನ್ ಒಂದು ಸುತ್ತು ಓಡಿತು. ಹಾರ ಹಾಕಿದರು, ಫೋಟೊ ಹೊಡೆದರು, ತಂದು ಅಜ್ಜನ ಪಕ್ಕದಲ್ಲೇ ನಿಲ್ಲಿಸಿದರು. ಆಮೇಲೆ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಆಯುಧಪೂಜೆ ಬರುವಷ್ಟರಲ್ಲಿ ಅದರ ಕೀಲುಗಳೂ ಬಿಗಿದುಕೊಂಡಿದ್ದವು.

ಹಬ್ಬದ ಹಿಂದಿನ ದಿನ ಕಾರ್ಖಾನೆಯ ಜವರಯ್ಯ ಡಬ್ಬಿ ಹಿಡಿದು ಬಂದ.

"ನೋಡಿ ಅಜ್ಜಾ, ಎಣ್ಣೆ ತಂದರು!" ಎಂದು ಹೊಸ ಎಂಜಿನ್ ಹಿಗ್ಗಿತು.

ಜವರಯ್ಯ ಮುಚ್ಚಳ ತೆಗೆದು ಬ್ರಷ್ ಅದ್ದಿದ. "ಥತ್, ಈ ವರ್ಷದಿಂದ ಎರಡೆರಡು ಬಳೀಬೇಕಲ್ಲಪ್ಪ," ಎಂದ.