ಪಟದೊಳಗೆ ನಿಂತವರು

ಬನ್ನಿ ಮಕ್ಕಳೇ, ಗೋಡೆಗೆ ಒರಗಿ ಕೂತುಕೊಳ್ಳಿ. ಈ ಕಥೆ ಕೇಳುವಾಗ ಬೆನ್ನ ಹಿಂದೆ ಜಾಗ ಖಾಲಿ ಬಿಡಬಾರದು.

ದೂರದ ಚಳಿದೇಶ. ಹೆಪ್ಪುಗಟ್ಟಿದ ಹೊಳೆ. ಅದರ ದಂಡೆಯ ಮೇಲೆ ಗೆಟ್ಸಲ್ ಅನ್ನುವ ಯೆಹೂದಿ ಗುರುವಿನ ಪ್ರಾರ್ಥನಾ ಮನೆ. ಹಸೀದಿ ಪಂಥದವರು ಇವರು. ಹಾಡಿ ಕುಣಿದು ದೇವರನ್ನು ಕರೆಯುವ ಜನ.

ಒಂದು ಮಧ್ಯಾಹ್ನ ಶಿಷ್ಯ ಫೈವಿಷ್ ಓಡೋಡಿ ಬಂದ. ಪಟ್ಟಣದವನು, ಪಂಥಕ್ಕೆ ಹೊಸಬ. ಕಂಕುಳಲ್ಲಿ ಗಾಜು ಹಾಕಿಸಿದ ಹಳೇ ಫೋಟೋ.

"ಏನಪ್ಪಾ ಸುಲಿದ ಮೊಟ್ಟೆ ಮುಖದವನೇ, ಬಾಣಂತಿಯನ್ನು ಬಿಟ್ಟು ಇಲ್ಲೇನು ಮಾಡ್ತಿದ್ದೀ?" ಅಂದರು ಗುರು.

"ನಾಳೆ ಮಗನಿಗೆ ಹೆಸರಿಡಬೇಕು ಗುರುಗಳೇ. ಹಿಂದಿನ ಕೂಸುಗಳು ಯಾವುದೂ ಉಳಿಯಲಿಲ್ಲ. ಇದಕ್ಕಾದರೂ ಹಿರಿಯರ ಹೆಸರಿನ ಕಾವಲಿರಲಿ ಅಂತ ಹೆಂಡತಿ ಗಿಟ್ಲ್ ಅಳ್ತಾ ಕೂತಿದ್ದಾಳೆ. ತಾತನ ಹೆಸರು ಇಡೋಣ ಅಂದರೆ ಅದೇ ನನಗೆ ಗೊತ್ತಿಲ್ಲ. ಅಪ್ಪ ಸಾಯುವ ತನಕ ಬಾಯಿ ಬಿಡಲಿಲ್ಲ. ಉಳಿದಿರುವುದು ಈ ಪಟ ಒಂದೇ."

ಅವರಲ್ಲಿ ತೀರಿಹೋದವರ ಹೆಸರನ್ನೇ ಕೂಸಿಗೆ ಇಡುವುದು. ಬದುಕಿರುವವರ ಹೆಸರಿಟ್ಟರೆ ಸಾವಿನ ದೂತ ಒಬ್ಬರ ಬದಲು ಇನ್ನೊಬ್ಬರನ್ನು ಎತ್ತಿಕೊಂಡು ಹೋಗುತ್ತಾನೆ ಅನ್ನುವ ಭಯ.

ಗುರು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನಿಲುವಂಗಿಯ ಯಾವ ಮಗ್ಗುಲು ಮೇಲಿದೆ?"

"ಬಲ ಮಗ್ಗುಲು."

"ಹಾಗಾದರೆ ನಮ್ಮ ಪಂಥದವರೇ. ಸೊಂಟದಲ್ಲಿ?"

"ಕಪ್ಪು ರೇಷ್ಮೆ ಹಗ್ಗ."

"ಅದನ್ನು ಯಾವಾಗ ಕಟ್ಟುತ್ತೇವೆ?"

"ಪ್ರಾರ್ಥನೆಗೆ..."

"ಪಾದ ನೋಡು."

ಪಾದಗಳು ಒಂದಕ್ಕೊಂದು ಜೋಡಿಕೊಂಡಿದ್ದವು. ನಿಂತು ಮಾಡುವ ಪ್ರಾರ್ಥನೆಗೆ ಅವರು ಹಾಗೆಯೇ ಜೋಡಿಸುವುದು.

ಗುರು ಪಟವನ್ನು ಕಣ್ಣಿನ ಹತ್ತಿರಕ್ಕೆ ತಂದರು. "ಹಗ್ಗದ ತುದಿಯನ್ನು ಬಲಕ್ಕೆ ಸಿಕ್ಕಿಸಿದ್ದಾರೆ. ಇದು ನನ್ನ ಗುರುಗಳ ಶಿಷ್ಯರು ಕಟ್ಟುವ ರೀತಿ. ಚಿಕ್ಕವನಿದ್ದಾಗ ಇವರ ಪಕ್ಕ ನಿಂತು ಹಾಡಿದ್ದೇನೆ. ಹೆಸರೂ ಗೊತ್ತು."

"ಹೇಳಿ ಗುರುಗಳೇ!"

"ಹೇಗೆ ಹೇಳಲಿ? ಬದುಕಿರುವವರ ಹೆಸರನ್ನು ಇಡಬಾರದಲ್ಲ."

ಫೈವಿಷ್ ನಕ್ಕ. "ಬದುಕಿದ್ದರೆ ನೂರು ದಾಟಿರಬೇಕು."

"ಗಾಜು ಒರೆಸು."

ಗಾಜಿನ ಮೇಲೆ ಮಂಜು ಕಟ್ಟಿತ್ತು. ತೋಳಿನಿಂದ ಒರೆಸಿದ, ಹೋಗಲಿಲ್ಲ. ಉಗುರಿನಿಂದ ಕೆರೆದ, ಹೋಗಲಿಲ್ಲ.

ಮಂಜು ಒಳಗಡೆಯಿತ್ತು. ತಾತನ ಬಾಯಿಯ ಎದುರಿಗೆ.

ಫೈವಿಷ್‌ನ ನಗು ನಿಂತಿತು.

"ತಾತನ ಹಿಂದೆ ನಿಂತವನು ಯಾರು?" ಗುರು ಕೇಳಿದರು.

"ನನ್ನ ಅಪ್ಪ. ಆಗಿನ್ನೂ ಮದುವೆಯಾಗಿರಲಿಲ್ಲ."

"ಇವನೂ ಪಾದ ಜೋಡಿಸಿದ್ದಾನೆ. ಆ ದಿನದ ಬಗ್ಗೆ ಏನೂ ಹೇಳಲಿಲ್ಲವೇ?"

ಫೈವಿಷ್ ಯೋಚಿಸಿದ. "ಒಂದೇ ಒಂದು ಸಲ. ಪಟ ತೆಗೆಸಲು ಹೋದೆವು, ಹೊತ್ತು ಮುಳುಗುತ್ತಿತ್ತು, ಅಲ್ಲೇ ಪ್ರಾರ್ಥನೆಗೆ ನಿಂತೆವು, ಅಂಗಡಿಯವನು ನಕ್ಕುಬಿಟ್ಟ, ನಾನು ನಾಚಿ ಅರ್ಧಕ್ಕೇ ಬಿಟ್ಟು ಹೊರಟೆ ಅಂದಿದ್ದರು. ಮತ್ತೆಂದೂ ಪ್ರಾರ್ಥನೆ ಮುಟ್ಟಲಿಲ್ಲ."

"ತಾತ?"

"'ಮನೆಗೆ ನಾನೊಬ್ಬನೇ ಬಂದೆ' ಅಂದರು."

ಗುರು ಪಟವನ್ನು ಕೆಳಗಿಳಿಸಿದರು.

"ಪ್ರಾರ್ಥನೆ ಮುಗಿದರೆ ಏನು ಮಾಡುತ್ತೇವೆ ಫೈವಿಷ್?"

"ಹಿಂದಕ್ಕೆ ಹೆಜ್ಜೆ ಇಡುತ್ತೇವೆ."

"ಹಿಂದೆ ನಿಂತವನ ಪ್ರಾರ್ಥನೆ ಇನ್ನೂ ಮುಗಿದಿರದಿದ್ದರೆ?"

"ಅವನದು ಮುಗಿಯುವ ತನಕ ಮುಂದಿನವರು..." ಫೈವಿಷ್‌ನ ಕಣ್ಣು ಪಟದತ್ತ ಹೋಯಿತು. "ಅಲ್ಲಾಡುವಂತಿಲ್ಲ."

ಗುರು ಪಟವನ್ನು ಮೂಡಣ ಗೋಡೆಗೆ ತೂಗುಹಾಕಿದರು. ತಮ್ಮ ಸೊಂಟದ ಹಗ್ಗ ಬಿಚ್ಚಿ ಶಿಷ್ಯನಿಗೆ ಕಟ್ಟಿದರು.

"ನನಗೆ ಪೂರ್ತಿ ಬರುವುದಿಲ್ಲ ಗುರುಗಳೇ."

"ನಾನು ಹೇಳಿಕೊಡುತ್ತೇನೆ. ಅಪ್ಪನ ಪಾಲಿನದನ್ನು ಮುಗಿಸು. ಏನು ಕೇಳಿಸಿದರೂ ತಿರುಗಬೇಡ."

ಗುರು ಒಂದೊಂದು ಮಾತು ಹೇಳಿದರು. ಫೈವಿಷ್ ಅದನ್ನೇ ಹೇಳಿದ. ಸ್ವಲ್ಪ ಹೊತ್ತಿಗೆ ಆ ಮಾತುಗಳನ್ನು ಮೂರನೆಯ ದನಿಯೊಂದೂ ಹೇಳತೊಡಗಿತು. ಆಮೇಲೆ ನಾಲ್ಕನೆಯದೂ ಸೇರಿತು, ಎಳೆಯ ಗಂಡುದನಿ. ಬೆವರು ಕಣ್ಣಿಗಿಳಿದರೂ ಫೈವಿಷ್ ತಿರುಗಲಿಲ್ಲ.

ಮುಗಿಯಿತು. ಬಾಗಿ, ಹಿಂದಕ್ಕೆ ಹೆಜ್ಜೆ ಇಟ್ಟ.

ಮರದ ನೆಲ ಕಿರುಗುಟ್ಟಿತು. ಅವನ ಕಾಲ ಕೆಳಗಲ್ಲ, ಗೋಡೆಯ ಹತ್ತಿರ.

ತಲೆ ಎತ್ತಿ ನೋಡಿದರೆ ಗಾಜು ತಿಳಿಯಾಗಿತ್ತು. ಪಟದಲ್ಲಿ ಅಂಗಡಿಯವನು ಹಿಂದೆ ಕಟ್ಟಿದ್ದ ಪರದೆಯ ಮೇಲೆ ಬರೆದ ತೋಟ ಮಾತ್ರ ಇತ್ತು. ಅದರ ಮುಂದೆ ಯಾರೂ ಇರಲಿಲ್ಲ.

"ಎಲ್ಯಾಕಿಮ್," ಅಂದರು ಗುರು. "ಈಗ ಇಡು."

ಕೂಸು ಉಳಿಯಿತು ಮಕ್ಕಳೇ. ಗಿಟ್ಲ್ ಆಮೇಲೆ ಇನ್ನೂ ಹೆತ್ತಳು, ಮುದುಕಿಯಾಗಿ ಮೊಮ್ಮಕ್ಕಳ ಮದುವೆಯಲ್ಲಿ ಕುಣಿದಳು. ಫೈವಿಷ್ ಗಡ್ಡ ಬಿಟ್ಟ, ಅದು ನೆರೆಯುವುದನ್ನೂ ಕಂಡ. ಪಟ ತೆಗೆದ ಅಂಗಡಿಯನ್ನು ಹುಡುಕಿಕೊಂಡು ಹೋದವರಿಗೆ ಅಂಥ ಅಂಗಡಿಯೇ ಸಿಗಲಿಲ್ಲ.

ಗುರು ಮಾತ್ರ ಎಲ್ಯಾಕಿಮ್ ನಡೆಯಲು ಕಲಿತ ವರ್ಷವೇ ಹಾಸಿಗೆ ಹಿಡಿದರು. ಕೊನೆಗಾಲದಲ್ಲಿ ಫೈವಿಷ್ ಅವರ ಬಳಿ ಕೂತಿದ್ದ. ಮಗು ಆ ಕಡೆ ತಿರುಗಿಕೊಂಡು ಆಡುತ್ತಿತ್ತು.

"ಗುರುಗಳೇ, ತಾತ ಪಟ ಬಿಟ್ಟು ಎಲ್ಲಿಗೆ ಹೋದರು?"

ಗುರು ಕಣ್ಣು ತೆರೆದರು.

"ಮಗುವನ್ನು ಹೆಸರು ಹಿಡಿದು ಕೂಗು. ಯಾರ್ಯಾರು ತಿರುಗಿ ನೋಡುತ್ತಾರೆ ಅಂತ ನಾನೂ ನೋಡಬೇಕು."